ಹಳೆಯ ಡಬ್ಬಿ ಮುಂದೆ ಬರಲಿ

ಆಳವಾದ ಶೆಲ್ಫಿನಲ್ಲಿ ಹೊಸ ಡಬ್ಬಿ ಮುಂದೆ ನಿಂತು ಹಳೆಯದು ಮರೆಯಾಗುತ್ತದೆ. ತೆರೆಯುವಾಗ ಹಿಟ್ಟಿನಲ್ಲಿ ಹುಳು. ಜರಡಿ ಹಿಡಿದರೂ ಹಿಂಸೆ, ಎಸೆದರೂ ಹಿಂಸೆ. ದಿಗಂಬರ ಸಂಪ್ರದಾಯವು ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ ಹೇಳಿರುವುದು ಜೀವೋತ್ಪತ್ತಿ ತಪ್ಪಿಸಲೆಂದೇ.

ಮನೆಯಲ್ಲೇ ಮಾಡಬಹುದಾದ ಉಪಾಯವಿದೆ. ಶೆಲ್ಫಿನಷ್ಟೇ ಆಳದ ಪ್ಲೈವುಡ್ ಹಲಗೆಯ ಅಂಚಿಗೆ 2 ಇಂಚಿನ ಪಟ್ಟಿ, ಮುಂದೆ ಹಿಡಿ. ಡಬ್ಬಿಯ ಅಗಲಕ್ಕಿಂತ ತುಸು ಹೆಚ್ಚು ಅಂತರ ಬಿಟ್ಟು ಉದ್ದಕ್ಕೂ ಪಟ್ಟಿ ಹೊಡೆದರೆ ಸಾಲುಗಳಾದವು: ಹಿಟ್ಟಿಗೊಂದು, ರವೆಗೊಂದು, ಬೇಳೆಗೊಂದು. ಹಲಗೆಯನ್ನು ಡ್ರಾಯರಿನಂತೆ ಹೊರಗೆಳೆದು ಹೊಸ ಡಬ್ಬಿ ಹಿಂದಿಟ್ಟು, ಮುಂದಿನದನ್ನು ಬಳಸಬೇಕು. ಡಬ್ಬಿಗೆ ಬೀಸಿದ ದಿನದ ಚೀಟಿ ಅಂಟಿಸಬೇಕು. ಹಳೆಯ ಹಿಟ್ಟಿನ ಮೇಲೆ ಹೊಸದು ಸುರಿಯುವ ಅಭ್ಯಾಸವಿದ್ದರೆ ಮಾತ್ರ ಚೀಟಿ ದಂಡ. ಖಾಲಿ ಡಬ್ಬಿ ಒರೆಸಿ, ಒಣಗಿಸಿಯೇ ತುಂಬಬೇಕು.