ಬಾಗಿಲು ತೆರೆದಿಟ್ಟ ಕಸುಬು

ಸೊಗಸಾದ ಸೀರೆಯೊಂದನ್ನು ಅಂಗಡಿಯಲ್ಲಿ ಕಂಡವರಿಗೆ ಅದರ ಅಂಚು, ಸೆರಗುಗಳ ಚೆಲುವು ತಿಳಿಯುತ್ತದೆಯೇ ಹೊರತು ಅದನ್ನು ನೇಯ್ದ ಬಗೆ ತಿಳಿಯುವುದಿಲ್ಲ. ಅದನ್ನು ಕಲಿಯಬೇಕಾದರೆ ನೇಕಾರನ ಬಳಿ ಕೂರಬೇಕು. ಬಹುತೇಕ ಕಸುಬುಗಳ ರೀತಿ ಇದೇ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹುಟ್ಟಿದ ಜಾಲತಾಣ ವಿನ್ಯಾಸವೆಂಬ ಕಸುಬು ಇದಕ್ಕೆ ಅಪವಾದ. ಅಲ್ಲಿ ಸಿದ್ಧವಾದ ಪುಟವೇ ತಾನು ಸಿದ್ಧವಾದ ಬಗೆಯನ್ನು ನೋಡುಗರಿಗೆ ತೋರಿಸಿಕೊಟ್ಟಿತು.

ಇದರ ಬೇರು ಜಾಲದ ರಚನೆಯಲ್ಲಿಯೇ ಇದೆ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ಯೋಜನೆಯಿಂದ ಬೆಳೆದದ್ದು ವರ್ಲ್ಡ್ ವೈಡ್ ವೆಬ್. ಅದಕ್ಕಾಗಿ ಅವರು ರೂಪಿಸಿದ ಎಚ್‌ಟಿಎಂಎಲ್ ಭಾಷೆಯಲ್ಲಿ ಇದು ಶೀರ್ಷಿಕೆ, ಇದು ಪ್ಯಾರಾ, ಇದು ಬೇರೆ ಪುಟಕ್ಕೆ ಕೊಂಡಿ ಎಂಬ ಗುರುತುಗಳನ್ನು ಸಾಮಾನ್ಯ ಅಕ್ಷರಗಳಲ್ಲಿಯೇ ಬರೆಯಲಾಗುತ್ತದೆ. ಮುದ್ರಣಾಲಯದ ಭಾಷೆಯಲ್ಲಿ ಹೇಳುವುದಾದರೆ, ಓದುಗನಿಗೆ ತಲುಪುವುದು ಅಚ್ಚುಮೊಳೆ ಜೋಡಿಸುವವನಿಗೆಂದು ಸೂಚನೆ ಬರೆದ ಹಸ್ತಪ್ರತಿ. ಅದನ್ನು ಓದಿ ಪುಟ ಕಟ್ಟುವುದು ಓದುಗನ ಕಂಪ್ಯೂಟರಿನಲ್ಲಿರುವ ಬ್ರೌಸರ್. ಹೀಗಾಗಿ ‘ವ್ಯೂ ಸೋರ್ಸ್’ ಎಂಬ ಆಯ್ಕೆಯನ್ನು ಒತ್ತಿದರೆ ಹಸ್ತಪ್ರತಿ ಕಣ್ಣೆದುರು ಬರುತ್ತದೆ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲು ಬಿಟ್ಟುಕೊಟ್ಟಿತು.

ಆಗ ಈ ವಿದ್ಯೆಗೆ ಶಾಲೆಗಳು ವಿರಳ. ಮೆಚ್ಚಿದ ಪುಟದ ಮೂಲವನ್ನು ತೆರೆದು, ತಮ್ಮಲ್ಲಿ ಉಳಿಸಿಕೊಂಡು, ಒಂದು ಅಂಕಿ ಬದಲಿಸಿ, ಏನಾಯಿತೆಂದು ನೋಡುವುದೇ ಅನೇಕರಿಗೆ ಪಾಠವಾಯಿತು. ಪತ್ರಿಕೆಯಂತೆ ಪುಟವನ್ನು ಅಂಕಣಗಳಾಗಿ ಒಡೆಯುವ ಬಗೆಯನ್ನು ಕಲಿತದ್ದೂ ಹೀಗೆಯೇ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಕೋಷ್ಟಕ ಬರೆಯುವ ಸೌಲಭ್ಯ ತಂದಾಗ ವಿನ್ಯಾಸಕರು ಅದರ ಗೆರೆಗಳನ್ನು ಅಡಗಿಸಿ, ಮನೆಗಳಲ್ಲಿ ಬರಹ ಮತ್ತು ಚಿತ್ರಗಳನ್ನು ಕೂರಿಸಿದರು. ಕಣ್ಣಿಗೆ ಕಾಣದ ಒಂದು ಚುಕ್ಕೆಯಷ್ಟು ಚಿತ್ರವನ್ನು ಹಿಗ್ಗಿಸಿ ಖಾಲಿ ಜಾಗ ಉಂಟುಮಾಡುವ ಉಪಾಯವನ್ನು ಡೇವಿಡ್ ಸೀಗಲ್ ಅವರ 1996ರ ಪುಸ್ತಕ ಜನಪ್ರಿಯಗೊಳಿಸಿತು.

ಆದರೆ ನೋಡಿ ಕಲಿಯುವಾಗ ಗುಣದೊಂದಿಗೆ ದೋಷವೂ ಅಂಟಿಕೊಳ್ಳುತ್ತದೆ. ಕೋಷ್ಟಕದೊಳಗೆ ಕೋಷ್ಟಕ ಹೆಣೆದ ಪುಟ ಕಣ್ಣಿಗೆ ಅಚ್ಚುಕಟ್ಟು. ಅಂಧರಿಗಾಗಿ ಪುಟವನ್ನು ಗಟ್ಟಿಯಾಗಿ ಓದುವ ತಂತ್ರಾಂಶವಾದರೋ ಮೂಲದಲ್ಲಿರುವ ಕ್ರಮದಂತೆ ಮನೆಯಿಂದ ಮನೆಗೆ ಸಾಗುತ್ತದೆ. ಹೀಗಾಗಿ ಒಂದು ವಿಷಯದ ತುಣುಕಿನ ಹಿಂದೆಯೇ ಇನ್ನೊಂದರ ತುಣುಕು ಕೇಳಿಬಂದು ಅರ್ಥ ಕೆಡುವುದಿತ್ತು. ರೂಪವನ್ನು ಬರಹದಿಂದ ಬೇರ್ಪಡಿಸುವ ಸಿಎಸ್‌ಎಸ್ ಪದ್ಧತಿಯನ್ನು ನಾರ್ವೆಯ ಹೋಕೊನ್ ವಿಯುಮ್ ಲೀ 1994ರಲ್ಲಿಯೇ ಸೂಚಿಸಿದ್ದರು. 1996ರಲ್ಲಿ ಅದು ಮಾನಕವೂ ಆಯಿತು. ಬ್ರೌಸರ್‌ಗಳು ಅದನ್ನು ಒಂದೊಂದು ರೀತಿಯಲ್ಲಿ ಪಾಲಿಸಿದ್ದರಿಂದಲೂ, ಹೊಸಬರು ಹಳೆಯ ಪುಟಗಳನ್ನೇ ನೋಡಿ ಕಲಿಯುತ್ತಿದ್ದರಿಂದಲೂ ಕೋಷ್ಟಕಗಳು ವರ್ಷಗಟ್ಟಲೆ ಉಳಿದವು.

2003ರಲ್ಲಿ ಕೆನಡಾದ ಡೇವ್ ಶೇ ಆರಂಭಿಸಿದ ‘ಸಿಎಸ್‌ಎಸ್ ಝೆನ್ ಗಾರ್ಡನ್’ ತಾಣ ಈ ರೂಢಿಗೆ ಒಳ್ಳೆಯ ಮದ್ದಾಯಿತು. ಅಲ್ಲಿ ಎಚ್‌ಟಿಎಂಎಲ್ ಬರಹ ಒಂದೇ. ಅದನ್ನು ಮುಟ್ಟದೆ ಸಿಎಸ್‌ಎಸ್ ಕಡತವನ್ನಷ್ಟೇ ಬದಲಿಸಿ ಬೇರೆ ಬೇರೆ ವಿನ್ಯಾಸಕರು ಅದಕ್ಕೆ ಬೇರೆ ಬೇರೆ ರೂಪ ಕೊಟ್ಟರು. ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಒಡಲು ಯಾವುದು, ಉಡುಗೆ ಯಾವುದು ಎಂಬುದು ಸ್ಪಷ್ಟವಾಗುತ್ತಿತ್ತು.

ಕನ್ನಡದ ಪುಟಗಳಲ್ಲಿ ಈ ಬಾಗಿಲು ಬಹುಕಾಲ ಅರ್ಧವೇ ತೆರೆದಿತ್ತು. ಯೂನಿಕೋಡ್ ಬಳಕೆಗೆ ಬರುವ ಮುನ್ನ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳೇ ಆಧಾರ. ಪುಟದ ಮೂಲ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತಿತ್ತು. ಈಗ ಮೂಲದಲ್ಲೂ ಕನ್ನಡವೇ ಕಾಣುತ್ತದೆ. ಆದರೂ ಇಂಗ್ಲಿಷ್ ತಾಣದ ಅಳತೆಗಳನ್ನು ಹಾಗೆಯೇ ಎತ್ತಿಕೊಂಡರೆ ತೊಂದರೆ ತಪ್ಪದು. ಇಂಗ್ಲಿಷಿಗೆ ಸಾಲುವ ಸಾಲಿನ ಅಂತರದಲ್ಲಿ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವುದುಂಟು. ಅಳತೆಯ ಹಿಂದಿನ ಕಾರಣವನ್ನು ಅರಿತವನು ಮಾತ್ರ ಅದನ್ನು ತನ್ನ ಲಿಪಿಗೆ ಒಗ್ಗಿಸಬಲ್ಲ.

ಇಂದಿನ ದೊಡ್ಡ ತಾಣಗಳು ವೇಗಕ್ಕಾಗಿ ಮೂಲವನ್ನು ಖಾಲಿ ಜಾಗವಿಲ್ಲದಂತೆ ಅಡಕಗೊಳಿಸುತ್ತವೆ. ಎಷ್ಟೋ ಪುಟಗಳು ಜಾವಾಸ್ಕ್ರಿಪ್ಟಿನ ಮೂಲಕ ಬ್ರೌಸರಿನಲ್ಲಿಯೇ ಜೋಡಣೆಯಾಗುತ್ತವೆ. ಹಳೆಯ ‘ವ್ಯೂ ಸೋರ್ಸ್’ನಿಂದ ಹೆಚ್ಚೇನೂ ತಿಳಿಯದು. ಅದರ ಬದಲು, 2006ರಲ್ಲಿ ಬಂದ ‘ಫೈರ್‌ಬಗ್’ ಮಾದರಿಯ ಪರಿಶೀಲನಾ ಸಲಕರಣೆಗಳು ಈಗ ಬ್ರೌಸರ್‌ಗಳಲ್ಲಿಯೇ ಅಡಕವಾಗಿವೆ. ‘ಇನ್‌ಸ್ಪೆಕ್ಟ್’ ಒತ್ತಿದರೆ ಪ್ರತಿಯೊಂದು ಚೌಕದ ಅಗಲ, ಅಂಚು, ಬಣ್ಣ ತಿಳಿಯುತ್ತದೆ. ಅಲ್ಲಿ ಮಾಡಿದ ಬದಲಾವಣೆ ನೋಡುಗನ ಪರದೆಗಷ್ಟೇ ಸೀಮಿತ, ತಾಣಕ್ಕೆ ಧಕ್ಕೆಯಿಲ್ಲ.

ಪುಟದ ನಕ್ಷೆಯನ್ನು ಮೊದಲು ಕಾಗದದ ಮೇಲೆ ಬರೆದು, ಹೇಗೆ ಕಟ್ಟಿರಬಹುದೆಂದು ಊಹಿಸಿ, ಆಮೇಲೆ ಒಳಗೆ ನೋಡುವುದು ಉತ್ತಮ ಕ್ರಮ. ಕಿಟಕಿಯನ್ನು ಕಿರಿದಾಗಿಸಿ ಅಂಕಣಗಳು ಮೊಬೈಲಿನ ಅಗಲಕ್ಕೆ ಮಡಚಿಕೊಳ್ಳುವುದನ್ನೂ ಗಮನಿಸಬೇಕು. ಅಂಕಣ ಜೋಡಿಸುವ ಉಪಾಯವನ್ನು ಯಾರೂ ಕಲಿಯಬಹುದು. ಚಿತ್ರ, ಬರಹ, ಇಡೀ ವಿನ್ಯಾಸವನ್ನು ಅನುಮತಿಯಿಲ್ಲದೆ ಎತ್ತಿಕೊಳ್ಳುವುದು ಬೇರೆ ಮಾತು. ತಮ್ಮ ಮೂಲವನ್ನು ಇಂದಿಗೂ ಓದಬಲ್ಲಂತೆ ಬರೆದಿಡುವ ಸಣ್ಣ ತಾಣಗಳು ಇವೆ. ಕಲಿಯಬೇಕೆನ್ನುವ ಹುಡುಗ ಹುಡುಗಿಯರಿಗೆ ಮೊದಲ ಪಾಠಶಾಲೆ ಈಗಲೂ ಅವೇ.