ಗರ್ಭಚೀಲದ ಆಪರೇಶನ್ನಿಗೂ ರಕ್ತನಾಳಕ್ಕೂ ಏನು ಸಂಬಂಧ?

ದೇವಣಿ: ಉಮರ್ಗಾ, ನಿಲಂಗಾ, ಉದಗೀರ ಭಾಗದ ಹಳ್ಳಿಗಳಲ್ಲಿ ಹೆಂಗಸರು ನಾಲ್ಕು ಮಂದಿ ಕೂತಲ್ಲಿ ಮರಾಠಿಯಲ್ಲಾದರೆ ‘ಪಿಶವಿ ಕಾಢಲಿ’ ಎಂದೂ, ಕನ್ನಡದಲ್ಲಾದರೆ ‘ಚೀಲ ತೆಗಿಸೀನಿ’ ಎಂದೂ ಮಾತು ಬರುತ್ತದೆ. ಎರಡರ ಅರ್ಥವೂ ಒಂದೇ. ಆಪರೇಶನ್ ಮಾಡಿ ಗರ್ಭಕೋಶವನ್ನು ತೆಗೆಯಲಾಗಿದೆ. ಮಕ್ಕಳಾದ ಮೇಲೆ ಆ ಚೀಲಕ್ಕೆ ಇನ್ನೇನು ಕೆಲಸ ಎಂಬ ನಂಬಿಕೆಯೂ ಎರಡೂ ಭಾಷೆಯವರಲ್ಲಿ ಒಂದೇ. ಆದರೆ ಚೀಲದ ಜೊತೆಗೆ ಅದರ ಅಕ್ಕಪಕ್ಕದ ಎರಡು ಅಂಡಾಶಯಗಳನ್ನೂ ತೆಗೆದಿದ್ದಾರೆಯೇ ಎಂದು ಕೇಳಿದರೆ ಅನೇಕರ ಬಳಿ ಉತ್ತರವಿರುವುದಿಲ್ಲ. ರಕ್ತನಾಳ ಮತ್ತು ಹೃದಯದ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಅದೇ.

ಇದು ಒಬ್ಬಿಬ್ಬರ ಮಾತಲ್ಲ. ಲಾತೂರಿಗೆ ಹೊಂದಿಕೊಂಡ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಮಹಿಳೆಯರ ಬಗ್ಗೆ 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತ್ತು. ಆಗ ನಡೆದ ಸಮೀಕ್ಷೆಗೆ ಒಳಪಟ್ಟ 82,309 ಮಹಿಳೆಯರಲ್ಲಿ 13,861 ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಮುಟ್ಟಿನ ದಿನಗಳಲ್ಲಿ ಕೆಲಸ ತಪ್ಪಿದರೆ ಮುಕಾದಮ ದಂಡ ಹಿಡಿಯುತ್ತಾನೆ ಎಂಬುದೂ ಒಂದು ಕಾರಣವೆಂದು ಆಗ ಬೆಳಕಿಗೆ ಬಂತು. ಗಡಿಯ ಆಚೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲೂ ಇಂಥದೇ ಪ್ರಕರಣ 2015ರಲ್ಲಿ ಸುದ್ದಿಯಾಗಿತ್ತು. ಅನಗತ್ಯ ಆಪರೇಶನ್ ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿದೆ.

ಅಂಡಾಶಯದ ಕೆಲಸ ಅಂಡಾಣು ಬಿಡುವುದಷ್ಟೇ ಅಲ್ಲ. ಎಸ್ಟ್ರೋಜನ್ ಎಂಬ ಹಾರ್ಮೋನು ಮುಖ್ಯವಾಗಿ ತಯಾರಾಗುವುದು ಅಲ್ಲಿಯೇ. ಅದು ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ. ಎರಡೂ ಅಂಡಾಶಯ ಹೋದರೆ ಕೆಲವೇ ದಿನಗಳಲ್ಲಿ ಅದರ ಪ್ರಮಾಣ ಇಳಿದುಬಿಡುತ್ತದೆ. ಮೈ ಉರಿ, ಬೆವರು, ನಿದ್ದೆ ಬಾರದಿರುವುದು ಎಲ್ಲರಿಗೂ ತಿಳಿಯುವ ಲಕ್ಷಣಗಳು. ರಕ್ತನಾಳದೊಳಗೆ ಆಗುವುದು ಮಾತ್ರ ತಿಳಿಯುವುದಿಲ್ಲ.

ತಲಾಠಿಯ ದಫ್ತರದಂತೆ

ರಕ್ತನಾಳವೆಂದರೆ ಬರೀ ಕೊಳವೆಯಲ್ಲ. ಅದರ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರವಿದೆ. ನಾಳ ಯಾವಾಗ ಹಿಗ್ಗಬೇಕು, ಯಾವಾಗ ಕುಗ್ಗಬೇಕು, ರಕ್ತ ಹೆಪ್ಪುಗಟ್ಟಬೇಕೋ ಬೇಡವೋ ಎಂಬುದರಲ್ಲಿ ಈ ಪದರದ ಪಾತ್ರ ದೊಡ್ಡದು. ಅದರ ಪ್ರತಿ ಜೀವಕೋಶದ ನಡುವೆ ಇರುವ ಕೇಂದ್ರದಲ್ಲಿ ಇಡೀ ದೇಹದ ಜೀನ್‌ಗಳೆಲ್ಲ ಇವೆ. ಆದರೆ ಎಲ್ಲ ಜೀನ್‌ಗಳೂ ಸದಾ ಕೆಲಸ ಮಾಡುವುದಿಲ್ಲ.

ಇದನ್ನು ಸಾತಬಾರಾ ಉತಾರಿಗೆ ಹೋಲಿಸಬಹುದು. (ಗಡಿಯಾಚೆ ಅದಕ್ಕೇ ಪಹಣಿ ಎನ್ನುತ್ತಾರೆ.) ಈಗ ಆನ್‌ಲೈನ್‌ನಲ್ಲಿ ಸಿಗುತ್ತದಾದರೂ ತಲಾಠಿಯ ಕಾಲದ ರೀತಿ ಎಲ್ಲರಿಗೂ ನೆನಪಿದೆ. ಮೂಲ ದಫ್ತರ ಕಚೇರಿ ಬಿಟ್ಟು ಹೊರಗೆ ಬರುವುದಿಲ್ಲ. ಅರ್ಜಿ ಕೊಟ್ಟರೆ ಬೇಕಾದ ಗಟ್ ನಂಬರಿನ ನಕಲು ಮಾತ್ರ ಸಿಗುತ್ತದೆ, ಬ್ಯಾಂಕಿನ ಕೆಲಸ ಆ ನಕಲಿನ ಮೇಲೆಯೇ ನಡೆಯುತ್ತದೆ. ಜೀವಕೋಶದಲ್ಲೂ ಹಾಗೆಯೇ. ಜೀನ್ ಎಂಬ ಮೂಲ ಪುಟ ಒಳಗೇ ಇರುತ್ತದೆ. ಅದರ ನಕಲು ಹೊರಗೆ ಬಂದು, ಆ ನಕಲಿನ ಪ್ರಕಾರ ಪ್ರೋಟೀನು ತಯಾರಾಗುತ್ತದೆ. ಯಾವ ಪುಟದ ನಕಲು ಎಷ್ಟು ಸಲ ತೆಗೆಯಲಾಯಿತು ಎಂಬುದನ್ನೇ ವಿಜ್ಞಾನಿಗಳು ಜೀನಿನ ಅಭಿವ್ಯಕ್ತಿ ಎನ್ನುತ್ತಾರೆ.

ಇಲ್ಲಿ ಅರ್ಜಿ ಎಂದರೆ ಎಸ್ಟ್ರೋಜನ್. ಅದು ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಜೀವಕೋಶದ ಗೋಡೆ ದಾಟಿ ಸಲೀಸಾಗಿ ಒಳಗೆ ಹೋಗುತ್ತದೆ. ಒಳಗೆ ಅದಕ್ಕಾಗಿಯೇ ಕಾದು ಕೂತ ಕಾರಕೂನನಂತೆ ಗ್ರಾಹಕ ಎಂಬ ಪ್ರೋಟೀನು ಇರುತ್ತದೆ. ಇಂಥ ಗ್ರಾಹಕವೊಂದು ಇದೆ ಎಂದು ಅಮೆರಿಕದ ಎಲ್‌ವುಡ್ ಜೆನ್ಸನ್ 1950ರ ದಶಕದ ಕೊನೆಯಲ್ಲಿ ತೋರಿಸಿದರು. ಅದರಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ ಇವೆ ಎಂದು ತಿಳಿದದ್ದು 1996ರಲ್ಲಿ. ಎಸ್ಟ್ರೋಜನ್ ಬಂದು ಕೂಡಿದೊಡನೆ ಎರಡೆರಡು ಗ್ರಾಹಕಗಳು ಜೋಡಿಯಾಗಿ, ಜೀನಿನ ಪಕ್ಕದಲ್ಲಿ 15 ಅಕ್ಷರಗಳಷ್ಟು ಉದ್ದದ ಒಂದು ಗುರುತನ್ನು ಹುಡುಕಿ ಅಲ್ಲಿ ಅಂಟಿಕೊಳ್ಳುತ್ತವೆ. ಬೇರೆ ಸಹಾಯಕ ಪ್ರೋಟೀನುಗಳೂ ಬಂದು ಸೇರಿ ನಕಲು ತೆಗೆಯುವ ಕೆಲಸ ಶುರುವಾಗುತ್ತದೆ. ಗುರುತಿಲ್ಲದ ಕಡೆ ಬೇರೆ ಪ್ರೋಟೀನುಗಳ ಮೂಲಕವೂ ಈ ಗ್ರಾಹಕಗಳು ಕೆಲಸ ಮಾಡುವುದುಂಟು.

ರಕ್ತನಾಳದಲ್ಲಿ ಹೀಗೆ ಹೆಚ್ಚು ನಕಲಾಗುವ ಪುಟಗಳಲ್ಲಿ ಮುಖ್ಯವಾದದ್ದು ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವದ ಜೀನ್. ಈ ಅನಿಲ ನಾಳದ ಸುತ್ತಲಿನ ಸ್ನಾಯುವನ್ನು ಸಡಿಲಗೊಳಿಸುತ್ತದೆ. ನಾಳ ಹಿಗ್ಗಿ ರಕ್ತ ಸರಾಗವಾಗಿ ಹರಿಯುತ್ತದೆ. ಇದನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಸಿಕ್ಕಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಸ್ಟಾಸೈಕ್ಲಿನ್ ಕೂಡ ಎಸ್ಟ್ರೋಜನ್‌ನಿಂದ ಹೆಚ್ಚುತ್ತದೆ. ಕೆಲವು ಪುಟಗಳನ್ನು ಅದು ಮುಚ್ಚಿಸುವುದೂ ಉಂಟು. ನಾಳವನ್ನು ಬಿಗಿ ಹಿಡಿಯುವ ಎಂಡೋಥೀಲಿನ್, ಬಿಳಿರಕ್ತಕಣಗಳು ಗೋಡೆಗೆ ಅಂಟಿ ಊತಕ್ಕೆ ದಾರಿ ಮಾಡುವ ಪ್ರೋಟೀನುಗಳು ಕಡಿಮೆಯಾಗುತ್ತವೆ. ನಕಲು, ಪ್ರೋಟೀನು ಎಂದರೆ ಗಂಟೆಗಟ್ಟಲೆ ಹಿಡಿಯುವ ಕೆಲಸ. ಆದರೆ ಜೀವಕೋಶದ ಹೊರಗೋಡೆಯಲ್ಲೂ ಕೆಲವು ಗ್ರಾಹಕಗಳಿದ್ದು, ಅವು ದಫ್ತರ ತೆರೆಯದೆಯೇ ಈಗಾಗಲೇ ಇರುವ ಕಿಣ್ವವನ್ನು ನಿಮಿಷಗಳಲ್ಲಿ ಚುರುಕುಗೊಳಿಸುತ್ತವೆ.

ಗಂಡಸರಿಗೂ ಇದು ಬೇಕೇ? ಬೇಕು. ಗಂಡಿನ ಹಾರ್ಮೋನು ಕೂಡ ಸ್ವಲ್ಪ ಪ್ರಮಾಣದಲ್ಲಿ ಎಸ್ಟ್ರೋಜನ್ ಆಗಿ ಬದಲಾಗುತ್ತದೆ. ಹುಟ್ಟಿನಿಂದಲೇ ಆಲ್ಫಾ ಗ್ರಾಹಕದ ಜೀನ್ ಕೆಟ್ಟುಹೋಗಿದ್ದ ಒಬ್ಬ ಯುವಕನ ವಿಷಯ 1994ರಲ್ಲಿ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವನ ಮೈಯಲ್ಲಿ ಎಸ್ಟ್ರೋಜನ್ ಬೇಕಾದಷ್ಟಿತ್ತು, ಅರ್ಜಿ ತೆಗೆದುಕೊಳ್ಳುವ ಕಾರಕೂನನೇ ಇರಲಿಲ್ಲ. ಕೆ. ಸುಧೀರ್ ಮತ್ತು ಸಂಗಡಿಗರು 1997ರಲ್ಲಿ ಪರೀಕ್ಷಿಸಿದಾಗ, ರಕ್ತದ ಹರಿವು ಹೆಚ್ಚಾದರೂ ಅವನ ನಾಳ ಹಿಗ್ಗಲಿಲ್ಲ. 31ನೇ ವಯಸ್ಸಿಗೇ ಹೃದಯದ ರಕ್ತನಾಳದಲ್ಲಿ ಸುಣ್ಣ ಕಟ್ಟಿತ್ತು.

ಹಾಗಾದರೆ ಗುಳಿಗೆ ನುಂಗಿದರೆ ಸಾಲದೇ?

ಹಿಂದೆ ವೈದ್ಯರೂ ಹಾಗೇ ತಿಳಿದಿದ್ದರು. ಅಮೆರಿಕದಲ್ಲಿ 50ರಿಂದ 79 ವರ್ಷದ 16,608 ಮಹಿಳೆಯರ ಮೇಲೆ ನಡೆದ ಪರೀಕ್ಷೆಯನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಎಸ್ಟ್ರೋಜನ್ ಜೊತೆ ಇನ್ನೊಂದು ಹಾರ್ಮೋನು ಸೇರಿಸಿ ಕೊಟ್ಟವರಲ್ಲಿ ಹೃದಯಾಘಾತ, ಲಕ್ವ, ಸ್ತನ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಅವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಕೊಬ್ಬು ಕಟ್ಟಿದ ಹಳೆಯ ನಾಳಗಳಲ್ಲಿ ಗ್ರಾಹಕದ ಜೀನಿಗೇ ರಾಸಾಯನಿಕ ಸೀಲು ಬಿದ್ದಿರುತ್ತದೆ. ಕೊಲೆಸ್ಟ್ರಾಲಿನಿಂದ ಹುಟ್ಟುವ ಒಂದು ವಸ್ತು ಎಸ್ಟ್ರೋಜನ್ ಕೂರುವ ಜಾಗದಲ್ಲಿ ತಾನೇ ಕೂತು ಅಡ್ಡಿ ಮಾಡುತ್ತದೆ. ತಡವಾಗಿ ಕೊಟ್ಟ ಅರ್ಜಿ ಏಕೆ ಕೆಲಸಕ್ಕೆ ಬರಲಿಲ್ಲ ಎಂಬುದಕ್ಕೆ ಇವನ್ನೇ ಕಾರಣಗಳಾಗಿ ಹೇಳಲಾಗುತ್ತದೆ. 2016ರಲ್ಲಿ ಪ್ರಕಟವಾದ 643 ಮಹಿಳೆಯರ ಇನ್ನೊಂದು ಅಧ್ಯಯನದಲ್ಲಿ, ಮುಟ್ಟು ನಿಂತು ಆರು ವರ್ಷದೊಳಗೆ ಶುರು ಮಾಡಿದವರ ಕತ್ತಿನ ರಕ್ತನಾಳದ ಗೋಡೆ ದಪ್ಪವಾಗುವುದು ನಿಧಾನವಾಯಿತು. ಹತ್ತು ವರ್ಷ ದಾಟಿದವರಲ್ಲಿ ಆ ಲಾಭ ಕಾಣಲಿಲ್ಲ.

ಆದ್ದರಿಂದ ಮೂವತ್ತೈದಕ್ಕೋ ನಲವತ್ತಕ್ಕೋ ಎರಡೂ ಅಂಡಾಶಯ ಕಳೆದುಕೊಂಡವರ ಸ್ಥಿತಿ ಐವತ್ತರ ನಂತರ ಸಹಜವಾಗಿ ಮುಟ್ಟು ನಿಂತವರಂತಲ್ಲ. ನಮ್ಮ ದೇಶದಲ್ಲಿ ಸಹಜವಾಗಿ ಮುಟ್ಟು ನಿಲ್ಲುವುದು ಸುಮಾರು 46–47ರ ವಯಸ್ಸಿಗೆ. ಅಲ್ಲಿಯವರೆಗಿನ ಅಷ್ಟೂ ವರ್ಷ ಅವರ ರಕ್ತನಾಳ ಎಸ್ಟ್ರೋಜನ್ ಇಲ್ಲದೆ ನಡೆಯಬೇಕು. 45ಕ್ಕೆ ಮುಂಚೆ ಎರಡೂ ಅಂಡಾಶಯ ತೆಗೆಸಿಕೊಂಡು ಹಾರ್ಮೋನು ತೆಗೆದುಕೊಳ್ಳದವರಲ್ಲಿ ಹೃದಯ ಸಂಬಂಧಿ ಸಾವು ಹೆಚ್ಚೆಂದು ಅಮೆರಿಕದ ಮೇಯೊ ಕ್ಲಿನಿಕ್‌ನವರು 2009ರಲ್ಲಿ ವರದಿ ಮಾಡಿದ್ದಾರೆ. ಇಂಥವರಿಗೆ ಸಹಜ ವಯಸ್ಸು ಬರುವವರೆಗೆ ಹಾರ್ಮೋನು ಕೊಡುವ ಪದ್ಧತಿ ಇದೆ. ಆದರೆ ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಆಗಿಬರುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ಔಷಧ ಇದಲ್ಲ.

ಆಪರೇಶನ್ನೇ ತಪ್ಪೆಂದಲ್ಲ. ಕ್ಯಾನ್ಸರ್, ಬೇರೆ ಔಷಧಕ್ಕೆ ಬಗ್ಗದ ರಕ್ತಸ್ರಾವ, ದೊಡ್ಡ ಗಡ್ಡೆಗಳಿದ್ದಾಗ ಅದರಿಂದ ಜೀವ ಉಳಿಯುತ್ತದೆ. ಬಿಳಿಸೆರಗಿಗೋ ಸೊಂಟನೋವಿಗೋ ಅದನ್ನು ಹೇಳಿದರೆ ಇನ್ನೊಬ್ಬ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಮಾಡಲೇಬೇಕಾದರೆ, ಅಂಡಾಶಯ ಉಳಿಸಬಹುದೇ ಎಂದು ಸಹಿ ಹಾಕುವ ಮೊದಲೇ ಕೇಳಬೇಕು. ಅವು ಉಳಿದರೂ ಕೆಲವರಲ್ಲಿ ಸ್ವಲ್ಪ ಬೇಗ ಕೆಲಸ ನಿಲ್ಲಿಸುತ್ತವೆ ಎಂಬುದೂ ತಿಳಿದಿರಲಿ.

ಈಗಾಗಲೇ ಆಪರೇಶನ್ ಆದವರು ಮನೆಯಲ್ಲಿರುವ ಡಿಸ್ಚಾರ್ಜ್ ಕಾರ್ಡ್ ತೆಗೆದು ಓದಬಲ್ಲವರಿಗೆ ತೋರಿಸಬಹುದು. ಅದರಲ್ಲಿ ‘ಟಿ.ಎ.ಎಚ್.’ ಎಂದಷ್ಟೇ ಇದ್ದರೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಿದ್ದಾರೆ ಎಂದರ್ಥ. ಅದರ ಮುಂದೆ ‘ಬಿ.ಎಸ್.ಓ.’ ಎಂದಿದ್ದರೆ ಎರಡೂ ಅಂಡಾಶಯಗಳೂ ಹೋಗಿವೆ. ಅಂಥವರು ಸರ್ಕಾರಿ ಆಸ್ಪತ್ರೆಗೆ ಹೋದಾಗ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ತಪಾಸಣೆ ಮಾಡಿಸಿ, ಆಪರೇಶನ್ ಎಷ್ಟನೇ ವಯಸ್ಸಿಗೆ ಆಯಿತು ಎಂಬುದನ್ನು ವೈದ್ಯರಿಗೆ ಹೇಳಬೇಕು. ಕಾರ್ಡನ್ನು ರೇಶನ್ ಕಾರ್ಡಿನ ಜೊತೆಗೇ ಜೋಪಾನವಾಗಿಟ್ಟರೆ ಕಬ್ಬಿನ ಸೀಜನ್ನಿಗೆ ಹೊರಡುವಾಗ ಹುಡುಕಾಡುವುದು ತಪ್ಪುತ್ತದೆ.