ಕಾಡು ನೋಡಲು ಹೋಗೋಣ ಬನ್ರಿ



ನಾವು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೇವೆ. ಗೋಕಾಕ ಫಾಲ್ಸ್ ನೋಡಿದ್ದೇವೆ. ಮದುವೆಗೆ, ಬಾಣಂತನಕ್ಕೆ, ದವಾಖಾನೆಗೆ ಅಂತ ಊರು ಬಿಟ್ಟು ಹೋಗಿದ್ದೇವೆ. ಆದರೆ ಬರೀ ನೋಡಲಿಕ್ಕೆ ಅಂತ ಕಾಡಿಗೆ ಹೋದವರು ನಮ್ಮಲ್ಲಿ ಎಷ್ಟು ಮಂದಿ? ಗಂಡಸರು ದಾಂಡೇಲಿಗೆ ಹೋಗಿ ಬರುತ್ತಾರೆ. "ಹೆಂಗಸರಿಗೆ ಅದೆಲ್ಲ ಆಗೂದಿಲ್ಲ" ಅಂತಾರೆ. ಯಾಕೆ ಆಗೂದಿಲ್ಲ? ಬೋರ್ಡು ಓದಲು ಬರುತ್ತದೆ. ಟಿಕೀಟು ಓದಲು ಬರುತ್ತದೆ. ರೊಕ್ಕ ಲೆಕ್ಕ ಮಾಡಲು ಮೊದಲಿನಿಂದಲೂ ಬರುತ್ತಿತ್ತು. ಹೋಗಬಹುದು. ತಯಾರಿ ಮಾತ್ರ ಬೇಕು.

ಕಾಡುಪ್ರಾಣಿ ನೋಡಲು ಹೋಗುವುದಕ್ಕೆ ಸಫಾರಿ ಎನ್ನುತ್ತಾರೆ. ಸಫಾರಿ ಅಂದರೆ ಊರ ಹಿರಿಯರು ಹೊಲಿಸುತ್ತಿದ್ದ ಪ್ಯಾಂಟು-ಅಂಗಿ ಅಂತ ನಮಗೆ ಗೊತ್ತು. ಆ ಬಟ್ಟೆಗೂ ಹೆಸರು ಬಂದದ್ದು ಇದರಿಂದಲೇ. ಆಫ್ರಿಕಾದ ಸ್ವಾಹಿಲಿ ಮಾತಿನಲ್ಲಿ ಸಫಾರಿ ಎಂದರೆ ಪ್ರಯಾಣ. ಅದರ ಬೇರು ಅರಬ್ಬಿ ಮಾತು. ಹಿಂದಿ ಹಾಡಿನಲ್ಲಿ ಕೇಳುವ "ಸಫರ್" ಕೂಡ ಅದೇ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ್ದು ನೋಡೋಣ. ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮ ಇದೆ. ಘಟಪ್ರಭಾ ಸ್ಟೇಶನ್ನಿನಿಂದ ದೂರವಿಲ್ಲ. ಬ್ರಿಟಿಷರ ಕಾಲದಲ್ಲಿ ಹೊಳೆಗೆ ಒಡ್ಡು ಕಟ್ಟಿದರು. ನೀರು ನಿಂತಿತು. ನೀರು ನಿಂತಲ್ಲಿ ಹಕ್ಕಿ ಬಂದವು. 1974ರಲ್ಲಿ ಸರ್ಕಾರ ಅದನ್ನು ಪಕ್ಷಿಧಾಮ ಮಾಡಿತು. ಚಳಿಗಾಲದಲ್ಲಿ ಅಲ್ಲಿಗೆ ದೂರ ದೇಶದ ಹಕ್ಕಿ ಬರುತ್ತವೆ. ಬೂದು ಬಣ್ಣದ ಉದ್ದ ಕಾಲಿನ ಕ್ರೌಂಚ ಹಕ್ಕಿ ಮಂಗೋಲಿಯದ ಕಡೆಯಿಂದ ಹಿಮಾಲಯ ದಾಟಿ ಬರುತ್ತದೆ. ಅದರ ತೂಕ ಎರಡು-ಮೂರು ಕಿಲೋ. ನಮ್ಮ ಮನೆಯ ಕೋಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಪಾಸ್‌ಪೋರ್ಟಿಲ್ಲ, ಟಿಕೀಟಿಲ್ಲ, ಮುಂದೆ ನಡೆಯುವ ಹಿರಿಯ ಹಕ್ಕಿಯ ಹಿಂದೆ ಮರಿಗಳು ದಾರಿ ಕಲಿಯುತ್ತವೆ. ನವೆಂಬರದಿಂದ ಮಾರ್ಚದವರೆಗೆ ನೋಡಬಹುದು. ಸೂರ್ಯ ಹುಟ್ಟುವ ಹೊತ್ತಿಗೆ ಹೋಗಬೇಕು. ಹೊತ್ತು ಏರಿದರೆ ಅವು ಕಾಳು ಆರಿಸಲು ಹೊಲಕ್ಕೆ ಹೋಗಿಬಿಡುತ್ತವೆ.

ಎರಡನೆಯದು ಭೂತರಾಮನಹಟ್ಟಿ. ಹುಕ್ಕೇರಿ ಕಡೆಯಿಂದ ಬೆಳಗಾವಿಗೆ ಹೋಗುವಾಗ ಹೆದ್ದಾರಿಯ ಹತ್ತಿರ ಸಿಗುತ್ತದೆ. ಇದು ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನ ಪ್ರಾಣಿ ಸಂಗ್ರಹಾಲಯ. 2021ರಲ್ಲಿ ಇಲ್ಲಿಗೆ ಬನ್ನೇರುಘಟ್ಟದಿಂದ ಸಿಂಹಗಳನ್ನು ತಂದರು. ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ಇದೇ ಅನುಕೂಲ. ಇಲ್ಲಿ ಒಂದು ದುಃಖದ ಸಂಗತಿಯೂ ನಡೆಯಿತು. 2025ರ ನವೆಂಬರದಲ್ಲಿ ಕೆಲವೇ ದಿನಗಳಲ್ಲಿ ಮೂವತ್ತಕ್ಕೂ ಹೆಚ್ಚು ಕೃಷ್ಣಮೃಗಗಳು ಸತ್ತವು. ಅದು ಗಳಲೆ ರೋಗ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಎಮ್ಮೆ ಕಟ್ಟಿದ ನಮಗೆ ಈ ರೋಗ ಹೊಸದಲ್ಲ. ಗಂಟಲು ಬಾತು, ಜ್ವರ ಬಂದು, ಒಂದೆರಡು ದಿನದಲ್ಲಿ ದನ ಹೋಗಿಬಿಡುತ್ತದೆ. ಮಳೆಗಾಲದ ಮೊದಲೇ ಚುಚ್ಚುಮದ್ದು ಹಾಕಿಸುತ್ತೇವೆ. ಕಾಡಿನ ಪ್ರಾಣಿ, ಮನೆಯ ಪ್ರಾಣಿ ಎಂದು ರೋಗ ಭೇದ ಮಾಡುವುದಿಲ್ಲ. ಬೇಲಿಯ ಒಳಗೆ ಬಾಳೆಹಣ್ಣು, ಚುರಮುರಿ ಎಸೆಯಬ್ಯಾಡ್ರಿ ಎಂದು ಹೇಳುವುದು ಸುಮ್ಮನೆ ಅಲ್ಲ.

ಮೂರನೆಯದು ದಾಂಡೇಲಿ. ನಿಜವಾದ ಕಾಡು ಇದೇ. ಇಲ್ಲಿ ಪಂಜರ ಇಲ್ಲ. ಬೆಳಗಾವಿಯಿಂದ ಖಾನಾಪುರ, ಅಳ್ನಾವರ, ಹಳಿಯಾಳದ ಮೇಲೆ ಹೋಗಬಹುದು. ಇದು ಉತ್ತರ ಕನ್ನಡ ಜಿಲ್ಲೆ. ದಾಂಡೇಲಿ ಅಭಯಾರಣ್ಯ ಆದದ್ದು 1956ರಲ್ಲಿ. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. 2015ರಲ್ಲಿ ಕಾಳಿ ಹೊಳೆಯ ಹೆಸರು ಇಟ್ಟರು. ಅರಣ್ಯ ಇಲಾಖೆಯ ಜೀಪಿನಲ್ಲಿ ಬೆಳಿಗ್ಗೆ ಮತ್ತು ಸಂಜೆ ಒಳಗೆ ಕರೆದುಕೊಂಡು ಹೋಗುತ್ತಾರೆ.

ಅಲ್ಲಿ ಏನು ಕಾಣುತ್ತದೆ? ಚುಕ್ಕೆ ಜಿಂಕೆ ಕಾಣುತ್ತದೆ. ಕಾಡುಕೋಣ ಕಾಣಬಹುದು. ಅದು ನಮ್ಮ ಎಮ್ಮೆಗಿಂತ ಬಹಳ ದೊಡ್ಡದು. ಕಾಲಿಗೆ ಬಿಳಿ ಸಾಕ್ಸು ಹಾಕಿದಂತೆ ಇರುತ್ತದೆ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಉಂಟು. ಈ ಹಕ್ಕಿಯ ಸಂಸಾರ ಕೇಳುವಂಥದ್ದು. ಹೆಣ್ಣು ಹಕ್ಕಿ ಮರದ ಪೊಟರೆಯಲ್ಲಿ ತತ್ತಿ ಇಡಲು ಕೂರುತ್ತದೆ. ಬಾಗಿಲು ಮುಚ್ಚಿ ಒಂದು ಸಣ್ಣ ಕಿಂಡಿ ಮಾತ್ರ ಬಿಡುತ್ತದೆ. ವಾರಗಟ್ಟಲೆ ಗಂಡು ಹಕ್ಕಿ ಹಣ್ಣು ತಂದು ಕಿಂಡಿಯಲ್ಲಿ ಉಣಿಸುತ್ತದೆ. ಬಾಣಂತನ ಮಾಡುವ ಗಂಡ! ಇದನ್ನು ನೋಡಲಿಕ್ಕಾದರೂ ಗಂಡಸರನ್ನು ಒಮ್ಮೆ ಜೊತೆಗೆ ಕರೆದೊಯ್ಯಬೇಕು.

ಹುಲಿ? ಈ ಕಾಡಿನಲ್ಲಿ ಹುಲಿ ಇದೆ, ಕರಿ ಚಿರತೆಯೂ ಇದೆ. ಕಾಣುತ್ತದೆ ಎಂದು ಯಾರೂ ಮಾತು ಕೊಡಲಾರರು. ದಟ್ಟ ಕಾಡು. ಹುಲಿ ಕಾಣಲಿಲ್ಲ ಎಂದು ರೊಕ್ಕ ಮರಳಿ ಕೊಡುವುದಿಲ್ಲ. "ಹುಲಿ ತೋರಿಸ್ತೀನಿ" ಎಂದು ಗೇಟಿನ ಹೊರಗೆ ರೊಕ್ಕ ಕೇಳುವವರು ಸಿಕ್ಕರೆ ಕೊಡಬ್ಯಾಡ್ರಿ. ಇಲಾಖೆಯ ಕೌಂಟರಿನಲ್ಲಿ ಚೀಟಿ ತೆಗೆಸಿ. ಚೀಟಿಯ ಮೇಲೆ ತಾರೀಖು, ಹೊತ್ತು, ಎಷ್ಟು ಮಂದಿ, ಎಷ್ಟು ರೂಪಾಯಿ ಎಂದು ಬರೆದಿರುತ್ತದೆ. ಅಲ್ಲಿಯೇ ನಿಂತು ನಾಲ್ಕನ್ನೂ ಓದಿ. ಅವಸರ ಮಾಡಬ್ಯಾಡ್ರಿ. ಹಿಂದಿನವರು ಕಾಯಲಿ.

ರೊಕ್ಕದ ಲೆಕ್ಕ

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ರಾಜ್ಯ ಸರ್ಕಾರದ ಸಾದಾ ಬಸ್ಸಿನಲ್ಲಿ ಟಿಕೀಟಿಗೆ ರೊಕ್ಕ ಇಲ್ಲ. ಆಧಾರ್ ಕಾರ್ಡು ಮರೆಯಬ್ಯಾಡ್ರಿ. ಹುಕ್ಕೇರಿ ಕಡೆಯವರು ಒಂದು ನೆನಪಿಡಬೇಕು. ಮಹಾರಾಷ್ಟ್ರದ ಕೆಂಪು ಬಸ್ಸಿಗೆ ಈ ಯೋಜನೆ ನಡೆಯುವುದಿಲ್ಲ. ಹತ್ತುವ ಮೊದಲು ಬಸ್ಸಿನ ಮೇಲಿನ ಹೆಸರು ಓದಿ.

ಜೀಪಿಗೆ, ಉಳಿಯಲು, ಊಟಕ್ಕೆ ರೊಕ್ಕ ಬೇಕು. ಬೆಳಗಿನ ಸಫಾರಿಗೆ ಹಿಂದಿನ ರಾತ್ರಿಯೇ ದಾಂಡೇಲಿಯಲ್ಲಿ ಇರಬೇಕಾಗುತ್ತದೆ. ದರ ಬದಲಾಗುತ್ತಾ ಇರುತ್ತದೆ. ಮೊದಲೇ ಫೋನು ಮಾಡಿ ಕೇಳಬೇಕು. ಸಂಘದಲ್ಲಿ ವಾರಕ್ಕೆ 20 ರೂಪಾಯಿ ಬೇರೆ ಇಟ್ಟರೆ 25 ವಾರಕ್ಕೆ 500 ರೂಪಾಯಿ. ಹತ್ತು ಮಂದಿ ಸೇರಿದರೆ 5,000. ಈ ಲೆಕ್ಕಕ್ಕೆ ಒಂದು ಬೇರೆ ವಹಿ ಇಡಿ. ಸಂಘದ ಸಾಲದ ರೊಕ್ಕ ಮಾತ್ರ ಇದಕ್ಕೆ ಮುಟ್ಟಬಾರದು.

ಫೋನಿನಲ್ಲಿ ಇನ್ನೊಂದು ಕೇಳಬೇಕು. "ಆ ದಿನ ಸಫಾರಿ ನಡೀತೈತೇನ್ರಿ?" ಜೋರು ಮಳೆಗೆ ಕಾಡಿನ ದಾರಿ ಕೆಡುತ್ತದೆ. ಬೇರೆ ಕಾರಣಕ್ಕೂ ನಿಲ್ಲಿಸುತ್ತಾರೆ. 2025ರ ನವೆಂಬರದಲ್ಲಿ ಹುಲಿ ದಾಳಿಗೆ ಜನ ಸತ್ತಾಗ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಿದ್ದರು.

ಉಡುಪು, ಬುತ್ತಿ

ಮಣ್ಣಿನ ಬಣ್ಣ, ಎಲೆಯ ಬಣ್ಣದ ಬಟ್ಟೆ ಒಳ್ಳೆಯದು. ಹೊಸ ಸೀರೆ ಬೇಕಿಲ್ಲ. ಹೊಲಕ್ಕೆ ಉಡುವ ಹಳೆಯ ಸೀರೆ ಸಾಕು. ಬೆಳಗಿನ ಜೀಪಿನಲ್ಲಿ ಗಾಳಿ ಚಳಿ, ಹೊದೆಯಲು ಬೇಕು. ಮಲ್ಲಿಗೆ, ಅತ್ತರು ಅವತ್ತು ಬ್ಯಾಡ. ಪ್ರಾಣಿಗೆ ವಾಸನೆ ದೂರದಿಂದಲೇ ಹತ್ತುತ್ತದೆ. ಕಾಲ್ಗೆಜ್ಜೆ ತೆಗೆದಿಡಿ. ಬಳೆ ತೆಗೆಯುವುದು ನಮ್ಮಲ್ಲಿ ಸರಿ ಬರುವುದಿಲ್ಲ. ಬಳೆಯ ಮೇಲೆ ಒಂದು ಕರವಸ್ತ್ರ ಸುತ್ತಿ ಕಟ್ಟಿದರೆ ಸದ್ದು ಬರುವುದಿಲ್ಲ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎರಡು ದಿನಕ್ಕೆ ಕೆಡುವುದಿಲ್ಲ. ಗೋಕಾಕದ ಕರದಂಟು ಇರಲಿ. ಆದರೆ ಜೀಪಿನಲ್ಲಿ ತಿನ್ನಬಾರದು. ಮಂಗಗಳಿಗೆ ಹಾಕಬಾರದು. ಒಮ್ಮೆ ರುಚಿ ಕಂಡ ಮಂಗ ಮುಂದಿನವರ ಕೈಚೀಲ ಕಸಿಯುತ್ತದೆ. ಪ್ಲಾಸ್ಟಿಕ್ ಕೊಟ್ಟೆ ಬದಲು ಸ್ಟೀಲಿನ ಡಬ್ಬಿ ಒಯ್ಯಿರಿ. ಉಪ್ಪಿನ ವಾಸನೆ ಹತ್ತಿದ ಕೊಟ್ಟೆಯನ್ನು ಜಿಂಕೆ ನುಂಗುತ್ತದೆ. ಸಂತೆಯ ದನದ ಹೊಟ್ಟೆಯಲ್ಲಿ ಕೊಟ್ಟೆ ಸಿಕ್ಕದ್ದನ್ನು ನಾವೇ ಕೇಳಿದ್ದೇವಲ್ಲ.

ಒಂದು ಮಾತು ನಾಚಿಕೆ ಬಿಟ್ಟು ಹೇಳುತ್ತೇವೆ. ದಾರಿಯಲ್ಲಿ ಪಾಯಖಾನೆ ಸಿಗುವುದಿಲ್ಲ ಎಂದು ಬಹಳ ಮಂದಿ ನೀರೇ ಕುಡಿಯುವುದಿಲ್ಲ. ಉರಿಮೂತ್ರ ಹತ್ತಿಸಿಕೊಂಡು ಮನೆಗೆ ಬರುತ್ತಾರೆ. ಹಾಗೆ ಮಾಡಬ್ಯಾಡ್ರಿ. ಗೇಟಿನಲ್ಲಿ ಪಾಯಖಾನೆ ಎಲ್ಲಿದೆ ಎಂದು ಬಂದ ಕೂಡಲೇ ಕೇಳಿ. ಜೀಪು ಹತ್ತುವ ಮೊದಲು ಎಲ್ಲರೂ ಹೋಗಿ ಬನ್ನಿ. ಮುಟ್ಟಿನ ದಿನ ಹತ್ತಿರ ಇದ್ದರೆ ಪ್ಯಾಡು, ಹಾಕಲು ಕಾಗದ ಇಟ್ಟುಕೊಳ್ಳಿ. ಬಿಪಿ, ಸಕ್ಕರೆ ಗುಳಿಗೆ ಕೈಚೀಲದಲ್ಲೇ ಇರಲಿ.

ಕಾಡಿನ ಒಳಗೆ

ಜೀಪಿನಿಂದ ಇಳಿಯಬಾರದು. ನಿಲ್ಲಬಾರದು. ಕೂಗಬಾರದು. ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ. ಸುಮ್ಮನೆ ಕುಳಿತರೆ ಕಾಡೇ ಮಾತಾಡುತ್ತದೆ. ಮನೆಯಲ್ಲಿ ಬೆಕ್ಕು ಬಂದರೆ ಕೋಳಿ ಕೊಕ್ಕೊಕ್ಕೋ ಎನ್ನುತ್ತದೆ. ಒಲೆಯ ಮುಂದೆ ಕುಳಿತೇ ನಮಗೆ ಗೊತ್ತಾಗುತ್ತದೆ. ಹಾಗೆಯೇ ಹುಲಿ ಹೊರಟರೆ ಜಿಂಕೆ ಕೂಗುತ್ತದೆ, ಮರದ ಮೇಲಿನ ಮುಸುವ ಕೂಗುತ್ತದೆ. ಜೀಪಿನವರು ಕಿವಿಗೊಟ್ಟು ಆ ಕಡೆಗೆ ಹೋಗುತ್ತಾರೆ. ಗದ್ದಲ ಮಾಡಿದರೆ ಅವರಿಗೆ ಅದು ಕೇಳುವುದಿಲ್ಲ.

ಈ ಸುಮ್ಮನಿರುವ ಪಾಠ ಊರಲ್ಲೂ ಬೇಕಾಗುತ್ತದೆ. 2022ರ ಆಗಸ್ಟದಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಚಿರತೆ ಕಂಡಿತು. ಸಾಲಿಗೆ ರಜೆ ಕೊಟ್ಟರು. ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದರು. ಅದು ಸಿಗಲೇ ಇಲ್ಲ. ನಮ್ಮ ಕಬ್ಬಿನ ಹೊಲದಲ್ಲಿ ಅಂಥದ್ದು ಕಂಡರೆ ಓಡಬಾರದು. ಕಲ್ಲು ಒಗೆಯಬಾರದು. ಮೊಬೈಲು ಹಿಡಿದು ಹತ್ತಿರ ಹೋಗಬಾರದು. ಅದರ ಕಡೆ ಮುಖ ಇಟ್ಟು ಮೆಲ್ಲಗೆ ಹಿಂದೆ ಸರಿಯಬೇಕು. ಮಕ್ಕಳನ್ನು ಎತ್ತಿಕೊಳ್ಳಬೇಕು. ಆಮೇಲೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಮರಳಿದ ಮೇಲೆ

ಉತ್ತರ ಕನ್ನಡ, ಶಿವಮೊಗ್ಗದ ಕಾಡಿನಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾಯಿತು. ಇದನ್ನು ಹರಡುವುದು ಉಣ್ಣಿ. ಚಳಿಗಾಲ, ಬೇಸಿಗೆಯಲ್ಲಿ ಹೆಚ್ಚು. ಅದಕ್ಕೇ ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚಬ್ಯಾಡ್ರಿ. ಸತ್ತ ಮಂಗ ಕಂಡರೆ ಮುಟ್ಟದೆ ಕಾಡಿನವರಿಗೆ ಹೇಳಿ. ಮನೆಗೆ ಬಂದು ಬಿಸಿನೀರು ಹಾಕಿಕೊಳ್ಳಿ, ಬಟ್ಟೆ ತೊಳೆಯಿರಿ. ಒಂದೆರಡು ವಾರದ ಒಳಗೆ ಜೋರು ಜ್ವರ, ಮೈಕೈ ನೋವು ಬಂದರೆ ದವಾಖಾನೆಗೆ ಹೋಗಿ. "ನಾನು ದಾಂಡೇಲಿ ಕಾಡಿಗೆ ಹೋಗಿದ್ದೆ" ಎಂದು ಡಾಕ್ಟರಿಗೆ ಹೇಳಿ. ಹೋದ ತಾರೀಖನ್ನೂ ಹೇಳಿ. ಸಫಾರಿಯ ಚೀಟಿಯನ್ನು ಇಟ್ಟುಕೊಂಡಿದ್ದರೆ ತಾರೀಖು ಅದರಲ್ಲೇ ಇರುತ್ತದೆ.